ಪಿಟೀಲಿನವನೂ ಅವನ ಮನೆಯವರೂ

ಮನೆ ಬಿಟ್ಟು ಹೋದ ಗಂಡಸರ ಕಥೆಗಳು ನಮಗೇನೂ ಹೊಸವಲ್ಲ. ನಟ್ಟಿರುಳಿನಲ್ಲಿ ಎದ್ದು ಹೋದ ಸಿದ್ಧಾರ್ಥ, ಮಲಗಿದ್ದ ದಮಯಂತಿಯ ಸೀರೆಯಲ್ಲಿ ಅರ್ಧ ಹರಿದುಕೊಂಡು ಕಾಡಿನಲ್ಲಿ ಮರೆಯಾದ ನಳ, ಅಣ್ಣನ ಹಿಂದೆ ಹೊರಟೇಬಿಟ್ಟ ಲಕ್ಷ್ಮಣ, ಇವರನ್ನೆಲ್ಲ ಅಜ್ಜಿಯ ಬಾಯಿಂದ ಕೇಳಿಯೇ ಬೆಳೆದವರು ನಾವು. ಕಥೆ ಯಾವಾಗಲೂ ಹೋದವನ ಹಿಂದೆಯೇ ಹೋಗುತ್ತದೆ. ಅವನು ಕಂಡ ಕಾಡು, ದಾಟಿದ ಹೊಳೆ, ಗೆದ್ದ ಯುದ್ಧ, ಪಡೆದ ಜ್ಞಾನ ಎಲ್ಲವೂ ನಮಗೆ ಗೊತ್ತು. ಅಷ್ಟು ದಿನ ಊರ್ಮಿಳೆ ಅರಮನೆಯಲ್ಲಿ ಏನು ಮಾಡುತ್ತಿದ್ದಳು ಎಂದು ಕೇಳಿದರೆ ಅಜ್ಜಿಗೂ ಉತ್ತರ ಸರಿಯಾಗಿ ತಿಳಿಯುತ್ತಿರಲಿಲ್ಲ. ಯಶೋಧರೆಗೂ ಒಂದು ನಾಟಕ ಬೇಕೆಂದು ನಮ್ಮ ಮಾಸ್ತಿಯವರಿಗೆ ಅನ್ನಿಸಲು ಇಪ್ಪತ್ತನೆಯ ಶತಮಾನ ಬರಬೇಕಾಯಿತು.

ಇಲ್ಲಿ ನಾನು ಬರೆಯಹೊರಟಿರುವುದು ಪುರಾಣದ ಮಾತಲ್ಲ. ಇನ್ನೂರು ವರ್ಷಗಳ ಹಿಂದೆ ಐರ್ಲೆಂಡಿನಲ್ಲಿ ಹುಟ್ಟಿದ ಒಬ್ಬ ಪಿಟೀಲುಗಾರನ ಚರಿತ್ರೆ. ಹೆಸರು ವಿಲಿಯಂ ವಿನ್ಸೆಂಟ್ ವ್ಯಾಲೇಸ್. ಪಿಟೀಲು ಎಂದೊಡನೆ ಚೌಡಯ್ಯನವರನ್ನು ನೆನೆಯುವ ನಮಗೆ ಈ ಹೆಸರು ಪರಿಚಿತವಲ್ಲ. ಇಂಗ್ಲಿಷ್ ಸಾಹಿತ್ಯ ಓದಿಕೊಂಡವರು ಜೇಮ್ಸ್ ಜಾಯ್ಸ್‌ನ ‘ದ ಡೆಡ್’ ಎಂಬ ಕಥೆಯಲ್ಲಿ ಒಂದು ಊಟದ ಪ್ರಸಂಗವನ್ನು ನೆನಪಿಸಿಕೊಳ್ಳಬಹುದು. ಡಬ್ಲಿನ್ ನಗರದ ಒಂದು ಮನೆ, ಮೇಜಿನ ಸುತ್ತ ಕುಳಿತ ನೆಂಟರಿಷ್ಟರು, ಹಳೆಯ ಕಾಲದ ಹಾಡುಗಾರರ ಬಗ್ಗೆ ಮಾತು. ‘ಆಗಿನಂಥ ಕಂಠ ಈಗೆಲ್ಲಿ’ ಎಂದು ಒಬ್ಬ ಹಿರಿಯ ಗುಣಗಾನ ಮಾಡುತ್ತಾನೆ. ನಮ್ಮ ಮದುವೆಮನೆಗಳಲ್ಲೂ ಕಂಪನಿ ನಾಟಕ ಕಂಡ ಹಿರಿಯರು ಹೀಗೆಯೇ ಮಾತಾಡುತ್ತಿದ್ದರಲ್ಲ! ಆ ಹಿರಿಯ ನೆನೆಯುವ ಹಾಡು ವ್ಯಾಲೇಸ್ ಸಂಗೀತ ಕೂಡಿಸಿದ ‘ಮಾರಿಟಾನ’ ಎಂಬ ಆಪೆರಾದ್ದು. ಆ ಕಥೆ ಅಚ್ಚಾದ ಪುಸ್ತಕ ಬಂದದ್ದು 1914ರಲ್ಲಿ, ಆಪೆರಾ ರಂಗಕ್ಕೆ ಬಂದದ್ದು 1845ರಲ್ಲಿ. ಸುಮಾರು ಎಪ್ಪತ್ತು ವರ್ಷ ಜನರ ಬಾಯಲ್ಲಿ ಉಳಿದ ಹಾಡೆಂದರೆ ಅದನ್ನು ಕಟ್ಟಿದವನು ಸಾಮಾನ್ಯನಲ್ಲ ಎಂದಾಯಿತು.

ಆಪೆರಾ ಎಂದರೆ ಸಂಗೀತವೇ ಬೆನ್ನೆಲುಬಾಗಿರುವ ನಾಟಕ. ಪಾತ್ರಗಳು ತಮ್ಮ ಸಂತೋಷ, ಸಿಟ್ಟು, ವಿರಹಗಳನ್ನೆಲ್ಲ ಹಾಡಿನಲ್ಲೇ ಹೇಳುತ್ತವೆ, ಕೆಳಗೆ ದೊಡ್ಡ ವಾದ್ಯಮೇಳ ನುಡಿಯುತ್ತಿರುತ್ತದೆ. ಆ ಕಾಲದ ಇಂಗ್ಲಿಷ್ ಆಪೆರಾಗಳಲ್ಲಿ ಹಾಡುಗಳ ನಡುವೆ ಮಾತೂ ಇರುತ್ತಿತ್ತು. ಹಾಗಾಗಿ ನಮ್ಮ ಸಂಗೀತ ನಾಟಕಗಳನ್ನು ನೋಡಿದವರಿಗೆ ಅದರ ರೂಪ ತೀರ ಅಪರಿಚಿತವೆನಿಸಲಾರದು.

ವ್ಯಾಲೇಸ್ ಹುಟ್ಟಿದ್ದು 1812ರ ಮಾರ್ಚ್ 11ರಂದು, ಐರ್ಲೆಂಡಿನ ದಕ್ಷಿಣದ ಬಂದರು ಊರು ವಾಟರ್‌ಫರ್ಡ್‌ನಲ್ಲಿ. ತಂದೆ ಸೈನ್ಯದ ಬ್ಯಾಂಡ್ ಮಾಸ್ಟರ್. ಮನೆಯೆಂದರೆ ವಾದ್ಯಗಳ ಅಂಗಡಿಯಂತೆ. ಹುಡುಗ ಪಿಟೀಲು, ಪಿಯಾನೊ, ಕ್ಲಾರಿನೆಟ್ ಮುಂತಾಗಿ ಕೈಗೆ ಸಿಕ್ಕಿದ್ದನ್ನೆಲ್ಲ ನುಡಿಸಲು ಕಲಿತ. ತಮ್ಮ ವೆಲಿಂಗ್ಟನ್ ಕೊಳಲಿಗೆ ಕೂತ. ತಂಗಿ ಎಲೈಜಾ ಹಾಡುತ್ತಿದ್ದಳು. ಈ ತಂಗಿಯ ಹೆಸರನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು, ಅವಳ ಕಡೆಗೆ ಮತ್ತೆ ಬರುತ್ತೇನೆ.

ಕುಟುಂಬ ಡಬ್ಲಿನ್ನಿಗೆ ಬಂದ ಮೇಲೆ ಹುಡುಗ ಅಲ್ಲಿನ ಥಿಯೇಟರ್ ರಾಯಲ್‌ನ ವಾದ್ಯಮೇಳ ಸೇರಿದ. 1830ರಲ್ಲಿ, ಹದಿನೆಂಟನೆಯ ವಯಸ್ಸಿಗೆ, ಟಿಪರೆರಿ ಸೀಮೆಯ ಥರ್ಲ್ಸ್ ಎಂಬ ಊರಿನ ಕ್ಯಾಥೊಲಿಕ್ ಕೆಥೆಡ್ರಲ್‌ನಲ್ಲಿ ಆರ್ಗನ್ ನುಡಿಸುವ ಕೆಲಸ ಸಿಕ್ಕಿತು. ಜೊತೆಗೆ ಅಲ್ಲಿನ ಅರ್ಸುಲೈನ್ ಸಂನ್ಯಾಸಿನಿಯರ ಕಾನ್ವೆಂಟಿನಲ್ಲಿ ಹೆಣ್ಣುಮಕ್ಕಳಿಗೆ ಸಂಗೀತ ಪಾಠ. ಆ ವಿದ್ಯಾರ್ಥಿನಿಯರಲ್ಲಿ ಇಸಬೆಲ್ಲಾ ಕೆಲ್ಲಿ ಎಂಬವಳಿದ್ದಳು. ಮುಂದಿನದನ್ನು ಹೇಳಬೇಕಾಗಿಲ್ಲ. ಹುಡುಗಿಯ ತಂದೆ ಒಂದು ಷರತ್ತು ಹಾಕಿದ. ಪ್ರಾಟೆಸ್ಟಂಟ್ ಹುಡುಗ ಕ್ಯಾಥೊಲಿಕ್ ಆಗುವುದಾದರೆ ಮಾತ್ರ ಮಗಳನ್ನು ಕೊಡುವುದು. ಹುಡುಗ ಒಪ್ಪಿದ. ‘ವಿನ್ಸೆಂಟ್’ ಎಂಬ ನಡುವಿನ ಹೆಸರು ಅವನಿಗೆ ಬಂದದ್ದು ಆಗಲೇ. 1831ರಲ್ಲಿ ಮದುವೆಯಾಯಿತು. ಹಾಗೆ ನೋಡಿದರೆ ಅವನು ಜೀವನವಿಡೀ ಹೊತ್ತು ಮೆರೆಸಿದ ಹೆಸರಿನಲ್ಲೇ ಇಸಬೆಲ್ಲಾಳ ಪಾಲೊಂದಿತ್ತು. ಆಪೆರಾಗಳ ಹೊದಿಕೆಯ ಮೇಲೆ ಅಚ್ಚಾದದ್ದು ಅವಳಿಗಾಗಿ ಪಡೆದ ಹೆಸರು.

ಅದೇ ವರ್ಷ ಇಟಲಿಯ ಜಗದ್ವಿಖ್ಯಾತ ಪಿಟೀಲುಗಾರ ಪಾಗನೀನಿ ಡಬ್ಲಿನ್ನಿಗೆ ಬಂದ. ಅವನ ವಾದನ ಕೇಳಿ ಯೂರೋಪಿನ ಜನ ಇವನಿಗೆ ದೆವ್ವದ ಸಹಾಯವಿದೆ ಎಂದು ಪಿಸುಗುಟ್ಟುತ್ತಿದ್ದ ಕಾಲ. ಹತ್ತೊಂಬತ್ತರ ವ್ಯಾಲೇಸ್‌ಗೆ ಅದನ್ನು ಕೇಳಿದ ಮೇಲೆ ಊಟ ನಿದ್ದೆ ರುಚಿಸಲಿಲ್ಲ. ಹಟ ಹಿಡಿದು ಸಾಧನೆ ಮಾಡಿದ. 1834ರಲ್ಲಿ ತಾನೇ ರಚಿಸಿದ ಪಿಟೀಲು ಕಾನ್ಸರ್ಟೊ ಒಂದನ್ನು ಡಬ್ಲಿನ್ನಿನ ಸಭೆಯೆದುರು ನುಡಿಸಿದ.

ಆದರೆ ಡಬ್ಲಿನ್ ಆಗ ಇಳಿಮುಖದಲ್ಲಿದ್ದ ಊರು. 1801ರಲ್ಲಿ ಐರ್ಲೆಂಡ್ ಬ್ರಿಟನ್ನಿನೊಂದಿಗೆ ಒಂದಾಗಿ, ಅಲ್ಲಿನ ಪಾರ್ಲಿಮೆಂಟು ಮುಚ್ಚಿದ ಮೇಲೆ ದೊಡ್ಡ ಮನೆತನದವರೆಲ್ಲ ಲಂಡನ್ನಿಗೆ ಹೋಗಿಬಿಟ್ಟಿದ್ದರು. ದೊರೆಗಳಿಲ್ಲದ ಊರಿನಲ್ಲಿ ಸಂಗೀತಗಾರನ ಪಾಡು ಏನಾಗುತ್ತದೆಂದು ಸಂಸ್ಥಾನಗಳು ಹೋದ ಮೇಲಿನ ನಮ್ಮ ವಿದ್ವಾಂಸರ ಕಷ್ಟ ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಇಡೀ ಕುಟುಂಬ ಆಸ್ಟ್ರೇಲಿಯಕ್ಕೆ ಹೊರಡುವುದೆಂದು ತೀರ್ಮಾನಿಸಿತು. 1835ರ ಜುಲೈನಲ್ಲಿ ವ್ಯಾಲೇಸ್, ಇಸಬೆಲ್ಲಾ ಮತ್ತು ಪುಟ್ಟ ಮಗ ವಿಲ್ಲಿ ಲಿವರ್‌ಪೂಲ್‌ನಲ್ಲಿ ಹಡಗು ಹತ್ತಿದರು. ಟಾಸ್ಮೇನಿಯದ ಹೋಬಾರ್ಟ್ ತಲುಪುವಾಗ ಅಕ್ಟೋಬರ್ ತಿಂಗಳ ಕೊನೆ. ಮೂರು ತಿಂಗಳಿಗೂ ಹೆಚ್ಚು ಕಾಲ ನೀರಿನ ಮೇಲೆ, ಕಂಕುಳಲ್ಲಿ ಮಗು! ಅಂಥ ಪ್ರಯಾಣದಲ್ಲಿ ಮಗುವಿನ ಹಾಲು, ಬಟ್ಟೆ, ಜ್ವರ ಇವನ್ನೆಲ್ಲ ನೋಡಿಕೊಂಡವರು ಯಾರಿರಬಹುದೆಂದು ನಮ್ಮಂಥವರಿಗೆ ಯಾವ ಚರಿತ್ರೆಯ ಪುಸ್ತಕವೂ ಹೇಳಿಕೊಡಬೇಕಾಗಿಲ್ಲ.

1836ರ ಜನವರಿಯಲ್ಲಿ ಸಿಡ್ನಿಗೆ ಬಂದರು. ಸಿಡ್ನಿ ಅಂದು ಬ್ರಿಟನ್ನಿನ ಕೈದಿಗಳನ್ನು ತಂದು ಬಿಡುತ್ತಿದ್ದ ವಸಾಹತು. ಅಂಥ ಊರಿಗೆ ಪಾಗನೀನಿಯನ್ನು ಕಿವಿಯಾರೆ ಕೇಳಿದ ಇಪ್ಪತ್ತಮೂರರ ತರುಣ ಬಂದು ಪಿಟೀಲು ಎತ್ತಿಕೊಂಡರೆ ಜನ ಮರುಳಾಗದೆ ಇರುತ್ತಾರೆಯೇ? ‘ಆಸ್ಟ್ರೇಲಿಯದ ಪಾಗನೀನಿ’ ಎಂಬ ಬಿರುದು ಬಂತು. ಗವರ್ನರ್ ಸರ್ ರಿಚರ್ಡ್ ಬರ್ಕ್ ಪೋಷಕನಾಗಿ ನಿಂತ. ಕಛೇರಿಯೊಂದರ ಟಿಕೆಟ್ಟಿಗೆ ಗವರ್ನರ್ ನೂರು ಕುರಿ ಕೊಟ್ಟನೆಂಬ ಕಥೆಯೂ ಇದೆ. ಕಥೆ ನಿಜವೋ ಸುಳ್ಳೋ, ಆ ಊರಿನಲ್ಲಿ ಹಣಕ್ಕಿಂತ ಕುರಿ ಹೆಚ್ಚಾಗಿದ್ದುದಂತೂ ನಿಜ.

ಅದೇ ಏಪ್ರಿಲ್‌ನಲ್ಲಿ ವ್ಯಾಲೇಸ್ ಕುಟುಂಬದವರು ಒಂದು ಸಂಗೀತ ಶಾಲೆ ತೆರೆದರು. ಆಸ್ಟ್ರೇಲಿಯದ ಮೊದಲ ಸಂಗೀತ ಶಾಲೆ ಇದೇ. ಸಿಡ್ನಿಯ ಸೇಂಟ್ ಮೇರೀಸ್ ಕೆಥೆಡ್ರಲ್‌ನ ಆರ್ಗನ್ ನಿಧಿಗಾಗಿ 1836ರಲ್ಲಿ ಒಮ್ಮೆ, 1838ರಲ್ಲಿ ಇನ್ನೊಮ್ಮೆ, ಊರಿನಲ್ಲಿದ್ದ ಹಾಡುವವರನ್ನೂ ನುಡಿಸುವವರನ್ನೂ ಒಟ್ಟುಗೂಡಿಸಿ ಎರಡು ದೊಡ್ಡ ಕಛೇರಿಗಳನ್ನು ವ್ಯಾಲೇಸ್ ನಡೆಸಿಕೊಟ್ಟ. ಇದರ ಜೊತೆಗೆ ಲಂಡನ್ನಿನಿಂದ ಪಿಯಾನೊ ತರಿಸಿ ಮಾರುವ ವ್ಯಾಪಾರಕ್ಕೂ ಕೈಹಾಕಿದ. ಕಲಾವಿದ ವ್ಯಾಪಾರಕ್ಕಿಳಿದರೆ ಏನಾಗುತ್ತದೋ ಅದೇ ಆಯಿತು. ಸಾಲ ಬೆಳೆಯಿತು. ಸುಮಾರು 2000 ಪೌಂಡ್ ಆಯಿತೆನ್ನುತ್ತಾರೆ, ಆ ಕಾಲಕ್ಕೆ ಅದು ದೊಡ್ಡ ಗಂಟು.

1838ರ ಫೆಬ್ರವರಿಯಲ್ಲಿ ವ್ಯಾಲೇಸ್ ಯಾರಿಗೂ ಹೇಳದೆ ಹಡಗು ಹತ್ತಿ ಹೋದ. ಸಾಲಗಾರರು, ಶಾಲೆ, ಹೆಂಡತಿ, ಮಗ ಎಲ್ಲರೂ ದಡದಲ್ಲಿ ಉಳಿದರು. ನಳ ಅರ್ಧ ಸೀರೆಯನ್ನಾದರೂ ಬಿಟ್ಟು ಹೋಗಿದ್ದ.

ಇಲ್ಲಿಂದ ಅವನ ಜೀವನಚರಿತ್ರೆ ರಂಗೇರುತ್ತದೆ. ಅವನೇ ಹೇಳಿಕೊಂಡ ಪ್ರಕಾರ ಅವನು ತಿಮಿಂಗಿಲ ಬೇಟೆಯ ಹಡಗಿನಲ್ಲಿ ನ್ಯೂಜಿಲೆಂಡಿನ ಕಡೆ ಹೋದ. ಅಲ್ಲಿ ಮಾವೊರಿ ಜನರ ನಡುವೆ ಸಿಕ್ಕಿಕೊಂಡ, ನಾಯಕನೊಬ್ಬನ ಮಗಳು ಅವನಿಗೆ ಮನಸೋತಳು. ನಮ್ಮ ಭಾರತಕ್ಕೂ ಬಂದನಂತೆ, ಇಲ್ಲಿ ಹುಲಿಯ ಬಾಯಿಂದ ಕೂದಲೆಳೆಯಲ್ಲಿ ಪಾರಾದನಂತೆ! ಫ್ರಾನ್ಸಿನ ಪ್ರಸಿದ್ಧ ಸಂಗೀತಗಾರ ಬರ್ಲಿಯೋಜ್ ಇವನ ಗೆಳೆಯ. ಅವನು 1852ರಲ್ಲಿ ಪ್ರಕಟಿಸಿದ ಪುಸ್ತಕವೊಂದರಲ್ಲಿ ನ್ಯೂಜಿಲೆಂಡಿನ ಸಾಹಸವನ್ನು ಉಪ್ಪುಖಾರ ಹಚ್ಚಿ ಬರೆದ. ಈಚಿನ ಸಂಶೋಧಕರಿಗೆ ಇವುಗಳಲ್ಲಿ ಬಹಳಷ್ಟು ನಂಬಿಕೆಯಿಲ್ಲ. ಫೆಬ್ರವರಿಯಲ್ಲಿ ಸಿಡ್ನಿ ಬಿಟ್ಟವನು ಅದೇ ವರ್ಷ ಚಿಲಿ ದೇಶದ ವಾಲ್ಪರೈಸೊ ಬಂದರಿನಲ್ಲಿದ್ದ. ನಡುವೆ ಭಾರತಕ್ಕೆ ಬಂದು ಹುಲಿ ನೋಡಿ ಹೋಗಲು ಆ ಕಾಲದ ಹಡಗುಗಳಿಗೆ ರೆಕ್ಕೆ ಇರಲಿಲ್ಲ. ನಮ್ಮ ದೇಶದ ಹುಲಿಗಳು ಎಷ್ಟೋ ಜನರ ಕಥೆಗಳಲ್ಲಿ ಹೀಗೆ ಪುಕ್ಕಟೆ ದುಡಿದಿವೆ.

ನಿಜವಾಗಿ ನಡೆದದ್ದೇ ಸಾಕಷ್ಟು ರೋಚಕವಾಗಿತ್ತು. ಚಿಲಿ, ಅರ್ಜೆಂಟೀನ, ಪೆರು, ಜಮೈಕ, ಕ್ಯೂಬಾ ಹೀಗೆ ಊರೂರು ತಿರುಗಿ ಕಛೇರಿ ಮಾಡಿದ. 1841ರಲ್ಲಿ ಮೆಕ್ಸಿಕೊ ನಗರದಲ್ಲಿ ಇಟಾಲಿಯನ್ ಆಪೆರಾಗಳ ಒಂದು ಸೀಸನ್ನನ್ನೇ ನಡೆಸಿದ. ನ್ಯೂ ಆರ್ಲಿಯನ್ಸ್‌ನಲ್ಲಿ ಸನ್ಮಾನ ಪಡೆದು, ನ್ಯೂಯಾರ್ಕಿಗೆ ಬಂದು 1843-44ರಲ್ಲಿ ತನ್ನ ರಚನೆಗಳನ್ನು ಅಚ್ಚು ಹಾಕಿಸಿದ. 1845ರಲ್ಲಿ ಲಂಡನ್ನಿನ ನಾಟಕಶಾಲೆಯೊಂದರಲ್ಲಿ ಅಗಲ ಅಂಚಿನ ಬಿಳಿ ಟೋಪಿ, ತೋಟದ ಸಾಹುಕಾರರು ತೊಡುವಂಥ ಉಡುಪು, ಕೈಯಲ್ಲಿ ದಪ್ಪ ಕೋಲು ಹಿಡಿದು ಕುಳಿತಿದ್ದವನನ್ನು ಡಬ್ಲಿನ್ನಿನ ಹಳೆಯ ಗೆಳೆಯನೊಬ್ಬ ಗುರುತಿಸಿದ. ಆ ಗೆಳೆಯನೇ ಅವನನ್ನು ನಾಟಕಕಾರ ಎಡ್ವರ್ಡ್ ಫಿಟ್ಸ್‌ಬಾಲ್‌ನ ಬಳಿಗೆ ಕರೆದೊಯ್ದ. ಫಿಟ್ಸ್‌ಬಾಲ್ ಬರೆದುಕೊಟ್ಟ, ವ್ಯಾಲೇಸ್ ಸಂಗೀತ ಕೂಡಿಸಿದ. 1845ರ ನವೆಂಬರ್ 15ರಂದು ಡ್ರೂರಿ ಲೇನ್ ರಂಗಮಂದಿರದಲ್ಲಿ ‘ಮಾರಿಟಾನ’ ಹುಟ್ಟಿತು.

ಆ ಆಪೆರಾದ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ಸ್ಪೇನ್ ದೇಶದ ಮ್ಯಾಡ್ರಿಡ್ ನಗರದ ಬೀದಿಗಳಲ್ಲಿ ಹಾಡಿ ಹೊಟ್ಟೆ ಹೊರೆಯುವ ಅಲೆಮಾರಿ ಹುಡುಗಿ ಮಾರಿಟಾನ. ಅವಳ ಮೇಲೆ ರಾಜನಿಗೆ ಕಣ್ಣು. ಮಂತ್ರಿ ಡಾನ್ ಹೊಸೆಗೆ ರಾಣಿಯ ಮೇಲೆ ಆಸೆ. ರಾಜ ದಾರಿ ತಪ್ಪಿದನೆಂದು ತೋರಿಸಿದರೆ ರಾಣಿ ತನ್ನವಳಾಗುತ್ತಾಳೆಂಬುದು ಅವನ ಎಣಿಕೆ. ಬೀದಿಯ ಹುಡುಗಿ ಅರಮನೆಗೆ ಬರಬೇಕಾದರೆ ಅವಳಿಗೊಂದು ದೊಡ್ಡ ಮನೆತನದ ಹೆಸರು ಬೇಕು. ಅದಕ್ಕೆ ಮಂತ್ರಿ ಒಂದು ಉಪಾಯ ಹೂಡುತ್ತಾನೆ. ನಿಷೇಧದ ದಿನಗಳಲ್ಲಿ ಕತ್ತಿಕಾಳಗ ಮಾಡಿ ಮರಣದಂಡನೆಗೆ ಗುರಿಯಾಗಿ ಸೆರೆಮನೆಯಲ್ಲಿರುವ ಡಾನ್ ಸೀಸರ್ ಎಂಬ ಬಡ ಸರದಾರನಿಗೆ, ‘ಮುಸುಕು ಹಾಕಿದ ಹೆಣ್ಣೊಂದನ್ನು ಮದುವೆಯಾಗು, ನೇಣಿನ ಬದಲು ಸಿಪಾಯಿಗೆ ತಕ್ಕ ಸಾವು, ಗುಂಡೇಟಿನ ಸಾವು ಕೊಡಿಸುತ್ತೇನೆ’ ಎನ್ನುತ್ತಾನೆ. ಮದುವೆಯಾಗುತ್ತದೆ. ವರನಿಗೆ ವಧುವಿನ ಮುಖ ಗೊತ್ತಿಲ್ಲ. ವಧುವಿಗೆ ತನ್ನ ಗಂಡ ಇನ್ನು ಗಳಿಗೆಯಲ್ಲಿ ಸಾಯುವವನೆಂಬುದು ಗೊತ್ತಿಲ್ಲ. ಆದರೆ ಸೀಸರ್ ಹಿಂದೆ ಕಾಪಾಡಿದ್ದ ಒಬ್ಬ ಹುಡುಗ ಗುಟ್ಟಾಗಿ ಬಂದೂಕುಗಳಿಂದ ಗುಂಡು ತೆಗೆದುಬಿಟ್ಟಿರುತ್ತಾನೆ. ಸತ್ತನೆಂದುಕೊಂಡ ಗಂಡ ಎದ್ದು ಹೆಂಡತಿಯನ್ನು ಹುಡುಕಿಕೊಂಡು ಬರುತ್ತಾನೆ. ಕೊನೆಗೆ ರಾಣಿಯ ಮಾನ ಕಾಪಾಡಿದ ಅವನಿಗೆ ರಾಜ ಮಾರಿಟಾನಳನ್ನು ಒಪ್ಪಿಸಿ ವೇಲೆನ್ಸಿಯದ ಗವರ್ನರ್ ಮಾಡುತ್ತಾನೆ. ಎಲ್ಲ ಸುಖಾಂತ.

ಕಥೆ ವ್ಯಾಲೇಸ್‌ನದಲ್ಲ. ಫ್ರೆಂಚ್ ನಾಟಕವೊಂದರಿಂದ ಬಂದದ್ದು. ಆದ್ದರಿಂದ ಅದರಲ್ಲಿ ಅವನ ಬಾಳನ್ನು ಹುಡುಕುವುದು ನ್ಯಾಯವಲ್ಲ. ಆದರೂ ಓದುವ ಹೆಣ್ಣಿನ ಮನಸ್ಸು ಒಂದು ಕ್ಷಣ ನಿಲ್ಲುತ್ತದೆ. ರಂಗದ ಮೇಲೆ ಗಂಡ ಸಾವನ್ನು ಗೆದ್ದು ಹೆಂಡತಿಯನ್ನು ಹುಡುಕಿ ಬರುವಾಗ ಲಂಡನ್ನಿನ ಜನ ಚಪ್ಪಾಳೆ ತಟ್ಟಿದರು. ಆ ಹಾಡುಗಳನ್ನು ಕಟ್ಟಿದವನಿಗೆ ಹೆಂಡತಿಯಿದ್ದಳು, ಮಗನಿದ್ದ, ಅವರನ್ನು ಬಿಟ್ಟು ಬಂದು ಏಳು ವರ್ಷಗಳಾಗಿದ್ದವು. ಅವನು ಅವರ ಬಳಿಗೆ ಮರಳಲಿಲ್ಲ.

ಇಸಬೆಲ್ಲಾ ಒಬ್ಬಳ ಹಣೆಬರಹ ಇದಾಗಿರಲಿಲ್ಲ. ಅವನು ಓಡಿಹೋದ ಎರಡು ವರ್ಷಗಳ ಮೇಲೆ, 1840ರಲ್ಲಿ, ಸಿಡ್ನಿ ರಾಜಧಾನಿಯಾಗಿದ್ದ ನ್ಯೂ ಸೌತ್ ವೇಲ್ಸ್ ವಸಾಹತು ಗಂಡ ಬಿಟ್ಟುಹೋದ ಹೆಂಗಸರ ಮತ್ತು ಮಕ್ಕಳ ಜೀವನಾಂಶಕ್ಕಾಗಿಯೇ ಒಂದು ಕಾಯಿದೆ ಮಾಡಿತು. ಹೊಸ ನಾಡಿನ ಸರ್ಕಾರವೇ ಕಾಯಿದೆ ಬರೆಯಬೇಕಾಯಿತೆಂದರೆ ಅಂಥ ಎಷ್ಟು ಮನೆಗಳಿದ್ದಿರಬೇಕು ಲೆಕ್ಕ ಹಾಕಿ. ಬ್ರಿಟಿಷ್ ಕಾನೂನಿನ ಪ್ರಕಾರ ಮದುವೆಯಾದ ಹೆಣ್ಣಿನ ದುಡಿಮೆಯೂ ಗಂಡನದೇ. ಇಂಗ್ಲೆಂಡಿನಲ್ಲಿ ಅದನ್ನು ಸಡಿಲಿಸಿದ ಕಾಯಿದೆಗಳು ಬಂದದ್ದು 1870 ಮತ್ತು 1882ರಲ್ಲಿ. 1857ರವರೆಗೆ ಅಲ್ಲಿ ಪೂರ್ತಿ ವಿಚ್ಛೇದನ ಬೇಕೆಂದರೆ ಪಾರ್ಲಿಮೆಂಟಿನಲ್ಲಿ ಒಂದೊಂದು ಪ್ರಕರಣಕ್ಕೂ ಪ್ರತ್ಯೇಕ ಕಾಯಿದೆ ಪಾಸು ಮಾಡಿಸಬೇಕಿತ್ತು. ಬಡವರಿಗೆ ಅದು ಆಕಾಶದ ಹಣ್ಣು. ಕ್ಯಾಥೊಲಿಕ್ ಹೆಣ್ಣಿಗಂತೂ ಮದುವೆಯೆಂದರೆ ಸಾಯುವತನಕದ ಗಂಟು. ಗಂಡ ಬಿಟ್ಟುಹೋಗಬಹುದು, ಗಂಟು ಬಿಚ್ಚುವಂತಿಲ್ಲ.

ಗಂಟು ಬಿಚ್ಚುವ ಚಿಂತೆ ವ್ಯಾಲೇಸ್‌ಗೆ ಇರಲಿಲ್ಲ. ಅವನು ಅದನ್ನು ಸುಮ್ಮನೆ ಪಕ್ಕಕ್ಕಿಟ್ಟ. 1850ರಲ್ಲಿ ನ್ಯೂಯಾರ್ಕಿನಲ್ಲಿ ಹೆಲೆನ್ ಸ್ಟೋಪೆಲ್ ಎಂಬ ಜರ್ಮನ್ ಮೂಲದ ಪಿಯಾನೊ ವಾದಕಿಯನ್ನು ಮದುವೆಯಾದ. ಮೊದಲ ಮದುವೆ ಸಿಂಧುವಲ್ಲವೆಂದು ಅವನ ವಾದ. 1854ರಲ್ಲಿ ಅಮೆರಿಕದ ಪ್ರಜೆಯೂ ಆದ. ಹೆಲೆನ್ ಸ್ವತಃ ದೊಡ್ಡ ಕಲಾವಿದೆ, ಸಂಗೀತಗಾರರ ಮನೆತನದವಳು. ಇಬ್ಬರು ಗಂಡುಮಕ್ಕಳಾದರು. ಇಸಬೆಲ್ಲಾಳ ಪಕ್ಷ ಹಿಡಿದು ಹೆಲೆನ್‌ಳನ್ನು ಬೈಯುವುದು ಸುಲಭ. ನಾನು ಹಾಗೆ ಮಾಡಲಾರೆ. ಇಬ್ಬರು ಹೆಂಗಸರಿಗೆ ಒಬ್ಬ ಗಂಡಸು ಉತ್ತರ ಹೇಳಬೇಕಾದಾಗ, ಆ ಹೆಂಗಸರನ್ನೇ ಪರಸ್ಪರ ಎದುರು ನಿಲ್ಲಿಸಿ ಜಗಳ ನೋಡುವ ಚಾಳಿ ಲೋಕಕ್ಕೆ ಹಳೆಯದು.

ಈಗ ತಂಗಿ ಎಲೈಜಾಳ ಮಾತಿಗೆ ಬರೋಣ. ಅದೇ ರಕ್ತ, ಅದೇ ಪ್ರತಿಭೆ, ಅದೇ ಊರು ಬಿಟ್ಟು ಅದೇ ಸಿಡ್ನಿಗೆ ಬಂದವಳು. ಅಣ್ಣ ಓಡಿಹೋದ ಮೇಲೂ ಅವಳು ಆ ಊರಿನಲ್ಲೇ ಹಾಡಿದಳು. ತಲೆಮರೆಸಿಕೊಂಡವನ ತಂಗಿ ಎಂದು ಬೆರಳು ತೋರುವ ಊರಿನಲ್ಲಿ ವೇದಿಕೆ ಹತ್ತುವುದಕ್ಕೆ ಎಂಥ ಗಟ್ಟಿತನ ಬೇಕು! ಹತ್ತೊಂಬತ್ತನೆಯ ವಯಸ್ಸಿಗೆ, 1839ರಲ್ಲಿ, ಜಾನ್ ಬುಶೆಲ್ ಎಂಬ ಹಾಡುಗಾರನನ್ನು ಮದುವೆಯಾದಳು. ಗಂಡಹೆಂಡತಿ ಜೊತೆಯಾಗಿ ಕಛೇರಿ ಮಾಡುತ್ತಿದ್ದರು. 1843ರಲ್ಲಿ ಟಾಸ್ಮೇನಿಯ ಪ್ರವಾಸದಲ್ಲಿದ್ದಾಗ ಗಂಡ ತೀರಿಕೊಂಡ. ಇನ್ನೂ ಇಪ್ಪತ್ತನಾಲ್ಕು ತುಂಬದ ವಿಧವೆ. ಅವಳು ಹಾಡುವುದನ್ನು ನಿಲ್ಲಿಸಲಿಲ್ಲ. 1848ರಲ್ಲಿ ಲಂಡನ್ನಿನ ಕಾವೆಂಟ್ ಗಾರ್ಡನ್ ರಂಗದ ಮೇಲೆ ‘ಮಾರಿಟಾನ’ದ ನಾಯಕಿಯಾಗಿ ನಿಂತಳು. ಅಣ್ಣ ಕಟ್ಟಿದ ಹಾಡನ್ನು ತಂಗಿ ಹಾಡಿದಳು. ದೇಶ ಸುತ್ತಿ, ಕೊನೆಗೆ ಸಿಡ್ನಿಗೇ ಮರಳಿ, ಹಾಡುವುದನ್ನು ಕಲಿಸುತ್ತ, 1878ರಲ್ಲಿ ಅಲ್ಲೇ ಕಣ್ಣುಮುಚ್ಚಿದಳು. ಅವಳೂ ಅಣ್ಣನಂತೆ ಸಮುದ್ರ ದಾಟಿದವಳೇ. ಆದರೆ ಹುಲಿಯ ಕಥೆ ಹೇಳಲಿಲ್ಲ. ಚರಿತ್ರೆಯಲ್ಲಿ ಅವಳು ‘ವ್ಯಾಲೇಸ್‌ನ ತಂಗಿ’.

ವ್ಯಾಲೇಸ್ ಕುರಿತು ಬಂದ ಎರಡು ಜೀವನಚರಿತ್ರೆಗಳ ಹೆಸರು ನೋಡಿ. 1994ರಲ್ಲಿ ಬಂದದ್ದು ಅವನನ್ನು ‘ಅಲೆಮಾರಿ ಸಂಗೀತಕಾರ’ ಎನ್ನುತ್ತದೆ. 2012ರದು ‘ಸಂಗೀತಕಾರ, ವಾದ್ಯನಿಪುಣ, ಸಾಹಸಿ’ ಎನ್ನುತ್ತದೆ. ಅಲೆಮಾರಿ, ಸಾಹಸಿ ಎಂಬ ಮಾತುಗಳಿಗೆ ಗಂಡಸಿನ ಹೆಸರಿನ ಪಕ್ಕದಲ್ಲಿ ಎಂಥ ಹೊಳಪು! ಅದೇ ಮಾತನ್ನು ಹೆಂಗಸಿನ ಹೆಸರಿನ ಪಕ್ಕ ಇಟ್ಟು ನೋಡಿದರೆ ಅರ್ಥವೇ ಬೇರೆಯಾಗುತ್ತದೆ. ಮಗುವನ್ನು ಬಿಟ್ಟು ಇಸಬೆಲ್ಲಾ ಹಡಗು ಹತ್ತಿ ಹೋಗಿದ್ದರೆ ಅವಳನ್ನು ಯಾರು ಸಾಹಸಿ ಎನ್ನುತ್ತಿದ್ದರು?

ಶಾಲೆಯಲ್ಲಿ ಇಷ್ಟು ವರ್ಷ ಪಾಠ ಮಾಡಿದ ನನಗೆ ಈ ಪ್ರಶ್ನೆ ಬರಿಯ ಪುಸ್ತಕದ್ದಲ್ಲ. ಪ್ರತಿ ವರ್ಷ ತರಗತಿಯಲ್ಲಿ ಒಂದಿಬ್ಬರಾದರೂ ಮಕ್ಕಳಿರುತ್ತಾರೆ, ದಾಖಲಾತಿ ಪುಸ್ತಕದಲ್ಲಿ ತಂದೆಯ ಹೆಸರಿರುತ್ತದೆ, ಊರಿನಲ್ಲಿ ತಂದೆ ಇರುವುದಿಲ್ಲ. ಪ್ರಗತಿಪತ್ರಕ್ಕೆ ತಾಯಿಯ ಸಹಿ, ಫೀಸಿಗೆ ತಾಯಿಯ ಸೆರಗಿನ ಗಂಟು, ಪೋಷಕರ ಸಭೆಗೆ ಕೊನೆಯ ಬೆಂಚಿನಲ್ಲಿ ಬಂದು ಕುಳಿತು ಎಲ್ಲರಿಗಿಂತ ಮೊದಲು ಎದ್ದು ಹೋಗುವ ತಾಯಿ. ಅಂಥ ಮಗುವನ್ನು ‘ಅಪ್ಪ ಎಲ್ಲಿದ್ದಾರೆ?’ ಎಂದು ಕೇಳಿದರೆ ಎಷ್ಟೋ ಬಾರಿ ಒಂದು ದೊಡ್ಡ ಕಥೆಯೇ ಹೊರಬರುತ್ತದೆ. ಅಪ್ಪ ದುಬೈಯಲ್ಲಿದ್ದಾರೆ, ದೊಡ್ಡ ಕೆಲಸ, ಮುಂದಿನ ಹಬ್ಬಕ್ಕೆ ಬರುತ್ತಾರೆ. ಕಥೆ ಮಗುವಿನದೋ ತಾಯಿಯದೋ ನಾನು ಕೇಳಲು ಹೋಗುವುದಿಲ್ಲ. ಬಿಟ್ಟುಹೋದವನಿಗೆ ಹೊಳಪು ಕೊಟ್ಟು ಕಾಪಾಡುವವರೂ ಉಳಿದವರೇ ಎಂಬುದು ನನಗೆ ಅರ್ಥವಾಗಿದೆ. ವಿಲ್ಲಿ ಎಂಬ ಆ ಹುಡುಗನಿಗೂ ಯಾರಾದರೂ ಹುಲಿಯ ಕಥೆ ಹೇಳಿದ್ದರೋ ಏನೋ.

ವ್ಯಾಲೇಸ್‌ನ ಕೊನೆಯ ವರ್ಷಗಳನ್ನೂ ಹೇಳಿ ಮುಗಿಸಬೇಕು. ‘ಮಾರಿಟಾನ’ ವಿಯೆನ್ನಾದವರೆಗೂ ಹೋಯಿತು. 1849ರಲ್ಲಿ ಸಿಡ್ನಿಯಲ್ಲೂ ಆಡಿದರು. ಅವನು ಸಾಲ ಬಿಟ್ಟು ಓಡಿದ ಊರಿಗೆ ಅವನ ಹಾಡು ಮಾತ್ರ ತಲೆಯೆತ್ತಿಕೊಂಡು ಬಂತು. ರೈನ್ ನದಿಯ ಜಲಕನ್ಯೆಯ ಕಥೆಯಿರುವ ‘ಲುರ್ಲೈನ್’ ಹಲವು ವರ್ಷ ಪೆಟ್ಟಿಗೆಯಲ್ಲೇ ಇದ್ದು, 1860ರ ಫೆಬ್ರವರಿ 23ರಂದು ಕಾವೆಂಟ್ ಗಾರ್ಡನ್ನಿನಲ್ಲಿ ರಂಗಕ್ಕೇರಿತು. ಅದನ್ನು ಆಡಿದ್ದು ಲೂಯಿಸಾ ಪೈನ್ ಎಂಬ ಗಾಯಕಿ ಪಾಲುದಾರನೊಬ್ಬನೊಂದಿಗೆ ಸೇರಿ ನಡೆಸುತ್ತಿದ್ದ ಕಂಪನಿ. ಆ ಕಾಲದಲ್ಲಿ ಆಪೆರಾ ಕಂಪನಿಯ ಒಡತಿಯಾದ ಹೆಂಗಸು! ಅವಳೇ ನಾಯಕಿಯಾಗಿ ಹಾಡಿದಳು. ಆಮೇಲೆ ‘ದಿ ಆಂಬರ್ ವಿಚ್’, ‘ಲವ್ಸ್ ಟ್ರಯಂಫ್’, ‘ದಿ ಡೆಸರ್ಟ್ ಫ್ಲವರ್’ ಎಂಬ ಮೂರು ಆಪೆರಾಗಳು 1861ರಿಂದ 1863ರ ನಡುವೆ ಒಂದರ ಹಿಂದೊಂದು ಬಂದವು. ಅಷ್ಟರಲ್ಲಿ ಹೃದಯದ ಕಾಯಿಲೆ ಹಿಡಿಯಿತು. 1864ರಲ್ಲಿ ಪ್ಯಾರಿಸ್ಸಿನಲ್ಲಿ ಚಿಕಿತ್ಸೆಯಾಯಿತು. 1865ರ ಅಕ್ಟೋಬರ್ 12ರಂದು ದಕ್ಷಿಣ ಫ್ರಾನ್ಸಿನ ಪಿರೆನೀಸ್ ಬೆಟ್ಟಗಳ ಬಳಿ ತೀರಿಕೊಂಡ. ವಯಸ್ಸು 53. ಕೈಯಲ್ಲಿ ಕಾಸಿರಲಿಲ್ಲ. ದೇಹವನ್ನು ಲಂಡನ್ನಿಗೆ ತಂದು ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ಅವನು ಬಿಟ್ಟುಹೋದದ್ದು ಆರು ಆಪೆರಾ, ನೂರಾರು ಮನೆಗಳಲ್ಲಿ ಹೆಣ್ಣುಮಕ್ಕಳು ನುಡಿಸುತ್ತಿದ್ದ ಪಿಯಾನೊ ರಚನೆಗಳು, ಮತ್ತು ಇಬ್ಬರು ವಿಧವೆಯರು.

ಹಾಗಾದರೆ ಇಂಥವನ ಸಂಗೀತವನ್ನು ಕೇಳಬಾರದೇ ಎಂದು ನೀವು ಕೇಳಬಹುದು. ಕೇಳಬೇಕು. ‘ಲುರ್ಲೈನ್’ ಪೂರ್ತಿಯಾಗಿ ಧ್ವನಿಮುದ್ರಣಗೊಂಡು 2010ರಲ್ಲಿ ಹೊರಬಂತು. ಅದನ್ನು ನಡೆಸಿದ ರಿಚರ್ಡ್ ಬಾನಿಂಗ್ ಹುಟ್ಟಿದ್ದು ಸಿಡ್ನಿಯಲ್ಲೇ. ಪಾಶ್ಚಾತ್ಯ ಸಂಗೀತದ ಅಭ್ಯಾಸವಿಲ್ಲದ ಕಿವಿಗೂ ಅದರಲ್ಲಿನ ನೀರಿನ ಹರಿವು, ಹೆಣ್ಣಿನ ದನಿ ಮೇಲೇರಿ ತೇಲುವ ಬಗೆ ಹಿತವಾಗುತ್ತದೆ. ಒಳ್ಳೆಯ ರಾಗ ಯಾರ ಕೊರಳಿನಿಂದ ಬಂದರೂ ಒಳ್ಳೆಯ ರಾಗವೇ. ಕಲೆಗಾಗಿ ಅವನು ಪಟ್ಟ ಪಾಡನ್ನು ನಾನು ಹಗುರವಾಗಿ ಕಾಣುವುದಿಲ್ಲ.

ಆದರೆ ಕಲೆ ದೊಡ್ಡದೆಂಬ ಕಾರಣಕ್ಕೆ ಮನೆಯ ಸಾಲ ಮಾಫಿಯಾಗುವುದಿಲ್ಲ. ಮೇಧಾವಿಗಳು ಹಾಗೆಯೇ, ಅವರಿಗೆ ಸಂಸಾರ ಒಗ್ಗುವುದಿಲ್ಲ ಎಂದು ತಲೆದೂಗುವವರು ಎಲೈಜಾಳನ್ನು ಒಮ್ಮೆ ನೋಡಬೇಕು. ಅವಳೂ ಕಲಾವಿದೆಯೇ, ಊರೂರು ಅಲೆದವಳೇ. ಕೊನೆಗೆ ಬಂದು ನಿಂತದ್ದು ಮಾತ್ರ ಅಣ್ಣ ಮುಖ ಮರೆಸಿಕೊಂಡು ಹೋಗಿದ್ದ ಊರಿನಲ್ಲಿ. ಆ ಊರಿನ ಮಕ್ಕಳಿಗೆ ಅವಳು ಹಾಡು ಹೇಳಿಕೊಟ್ಟಳು. ಚರಿತ್ರೆಯ ಪಾಠ ಮಾಡುವಾಗ ನಾವು ಇಸವಿಗಳನ್ನು ಬಾಯಿಪಾಠ ಮಾಡಿಸುತ್ತೇವೆ, 1812ರಲ್ಲಿ ಹುಟ್ಟಿದ, 1865ರಲ್ಲಿ ಸತ್ತ ಎಂದು. ಇನ್ನು ಮುಂದೆ ಯಾವ ಮಹಾಪುರುಷನ ಪಾಠ ಬಂದರೂ ಮಕ್ಕಳಿಗೆ ಒಂದು ಪ್ರಶ್ನೆ ಹೆಚ್ಚಿಗೆ ಕೇಳಬೇಕೆಂದಿದ್ದೇನೆ: ಇವನು ಹೋದಾಗ ಮನೆಯಲ್ಲಿ ಯಾರಿದ್ದರು?